ಮರದ ಸೌಟು, ಚಮಚ, ಲೋಟ ಕೈಯಲ್ಲೇ ಕೆತ್ತುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಷೀನ್ ಇಲ್ಲದೆ, ಒಂದು ಚಾಕು, ಒಂದು ಮಚ್ಚು ಇಟ್ಟುಕೊಂಡು ಅಡುಗೆಮನೆಗೆ ಬೇಕಾದ ಸೌಟು ಚಮಚ ಮಾಡಿಕೊಳ್ಳಬೇಕು ಅನ್ನುವವರಿಗೆ ಇದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹಸಿ ಮರ ತಗೊಳ್ಳಿ, ಚಾಕು ಹರಿತ ಇಟ್ಟುಕೊಳ್ಳಿ. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದೇ ಈ ಎರಡರಲ್ಲಿ ಒಂದು ತಪ್ಪಿದಾಗ.

ನನಗೆ ಬಡಗಿ ಕೆಲಸದ ಗಂಧಗಾಳಿಯೂ ಇಲ್ಲ. ನನ್ನ ಕೈಲಿ ಆಗುತ್ತಾ?

ಆಗುತ್ತದೆ. ಬಡಗಿ ಕೆಲಸದಲ್ಲಿ ಅಳತೆ, ಮೂಲೆಮಟ್ಟ, ಜೋಡಣೆ ಎಲ್ಲ ಕರಾರುವಾಕ್ಕಾಗಿ ಇರಬೇಕು. ಚಮಚಕ್ಕೆ ಅದ್ಯಾವುದೂ ಬೇಡ. ಹಿಡಿ ಸ್ವಲ್ಪ ವಾರೆಯಾದರೂ ಸಾರು ಬಡಿಸಬಹುದು. ತರಕಾರಿ ಹೆಚ್ಚಲು ಬರುತ್ತದೆ ಅಂದರೆ ಚಾಕು ಹಿಡಿಯುವ ಅಂದಾಜು ನಿಮಗೆ ಆಗಲೇ ಇದೆ.

ಏನೇನು ಸಾಮಾನು ಬೇಕು?

ಒಂದು ಗರಗಸ, ಒಂದು ಸಣ್ಣ ಕೊಡಲಿ ಅಥವಾ ಭಾರದ ಮಚ್ಚು, ನೇರ ಅಲಗಿನ ಒಂದು ಚಾಕು, ಬಟ್ಟಲಿನ ಭಾಗ ತೋಡಲು ಒಂದು ಬಾಗಿದ ಚಾಕು. ಇಷ್ಟೇ. ಜೊತೆಗೆ ಇಟ್ಟು ಕಡಿಯಲು ಒಂದು ಮರದ ಕೊರಡು ಮತ್ತು ಬಡಿಯಲು ಒಂದು ಕೊಡತಿ. ಕೊಡತಿಯನ್ನು ದಪ್ಪ ಕೊಂಬೆಯಿಂದ ನೀವೇ ಮಾಡಿಕೊಳ್ಳಬಹುದು.

ನೇರ ಚಾಕುಗಳಲ್ಲಿ ಸ್ವೀಡನ್ನಿನ ಮೋರಾ ಕಂಪನಿಯ 106 ಮತ್ತು 120 ಅನ್ನುವ ಎರಡು ಮಾದರಿಗಳು ಈ ಕೆಲಸದವರ ಬಳಿ ತುಂಬ ಕಾಣುತ್ತವೆ. 120ರ ಅಲಗು ಗಿಡ್ಡ. ಮೊದಲ ಸಲ ಕೊಳ್ಳುವವರಿಗೆ ಅದೇ ಸಲೀಸು. ಹಾಗಂತ ಹೊರದೇಶದ್ದೇ ಆಗಬೇಕು ಅಂತೇನಿಲ್ಲ. ಅಲಗು ಮೂರು ಬೆರಳಷ್ಟು ಉದ್ದ ಇರಲಿ, ಹಿಡಿ ಕೈತುಂಬ ಸಿಗಲಿ, ಉಕ್ಕು ಗಟ್ಟಿ ಇರಲಿ. ಮಡಚುವ ಚಾಕು ಬೇಡ. ಒತ್ತಿ ಕೆತ್ತುವಾಗ ಮಡಚಿಕೊಂಡರೆ ಹೋಗುವುದು ನಿಮ್ಮ ಬೆರಳು.

ಬಾಗಿದ ಚಾಕು ನಮ್ಮೂರಲ್ಲಿ ಎಲ್ಲೂ ಸಿಗುವುದಿಲ್ಲ, ಏನು ಮಾಡಲಿ?

ಎರಡು ದಾರಿ ಇದೆ. ಒಂದು, ತುದಿ ಅರ್ಧಚಂದ್ರದ ಹಾಗೆ ಬಾಗಿರುವ ಉಳಿ. ಕೆತ್ತನೆ ಕೆಲಸದ ಬಡಗಿಗಳು ಬಳಸುತ್ತಾರೆ, ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಇದರಲ್ಲಿ ತೋಡುವಾಗ ಚಮಚವನ್ನು ಕೈಯಲ್ಲಿ ಹಿಡಿಯಬಾರದು, ಕ್ಲಾಂಪ್ ಹಾಕಿ ಬಿಗಿಯಬೇಕು.

ಇನ್ನೊಂದು, ಕಮ್ಮಾರರ ಹತ್ತಿರ ಹೋಗುವುದು. ಇದು ನನಗೆ ಜಾಸ್ತಿ ಇಷ್ಟದ ದಾರಿ. ನಮ್ಮ ಕಡೆ ಮಚ್ಚು, ಕುಡುಗೋಲನ್ನು ಲಾರಿಯ ಹಳೇ ಕಮಾನ್ ಪಟ್ಟಿಯಿಂದ ಬಡಿಯುವವರು ಇನ್ನೂ ಇದ್ದಾರೆ, ಆ ಉಕ್ಕು ಇದಕ್ಕೂ ಚೆನ್ನಾಗಿ ಒಗ್ಗುತ್ತದೆ. ಕಾಗದದ ಮೇಲೆ ನಿಜ ಅಳತೆಯಲ್ಲೇ ಚಿತ್ರ ಬರೆದುಕೊಂಡು ಹೋಗಿ. ಬಾಗು ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿರಲಿ, ಅಲಗು ತೆಳ್ಳಗಿರಲಿ. ಎಡಗೈಯವರಾದರೆ ಅದನ್ನೂ ಮರೆಯದೆ ಹೇಳಿ, ಯಾಕೆಂದರೆ ಬಾಗಿದ ಚಾಕಿನಲ್ಲಿ ಎಡ ಬಲ ಬೇರೆ ಬೇರೆ.

ಮನೆಯಲ್ಲಿ ಒಣಗಿದ ತೇಗದ ತುಂಡು ಬಿದ್ದಿದೆ. ಅದೇ ಸಾಲದಾ? ಹಸಿ ಮರವೇ ಯಾಕೆ?

ಒಣಗಿದ ಮರ ಚಾಕಿಗೆ ಬಗ್ಗುವುದಿಲ್ಲ. ಹಸಿ ಮರದ ಎಳೆಗಳ ಒಳಗೆ ನೀರು ಇರುತ್ತದೆ, ಎಳೆ ಮೆತ್ತಗಿರುತ್ತದೆ, ಅಲಗು ಸಲೀಸಾಗಿ ಓಡಿ ಉದ್ದನೆಯ ಸುರುಳಿ ಎದ್ದು ಬರುತ್ತದೆ. ಅದೇ ಮರ ಒಣಗಿದ ಮೇಲೆ ಬರೀ ಪುಡಿ ಉದುರುತ್ತದೆ, ಕೈ ಸೋಲುತ್ತದೆ, ಜೋರು ಹಾಕಲು ಹೋಗಿ ಚಾಕು ಜಾರುತ್ತದೆ. ಕೈ ಕುಯ್ದುಕೊಳ್ಳುವುದು ಆಗಲೇ.

ಹಸಿ ಮರದ ತೊಂದರೆ ಒಂದೇ: ಒಣಗುವಾಗ ಕುಗ್ಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ವರ್ಷದ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನಬಹುದು. ದುಂಡನೆಯ ಕೊಂಬೆಯನ್ನು ಹಾಗೇ ಬಿಟ್ಟರೆ ನಡುವಿನ ತನಕ ಸೀಳಿಕೊಳ್ಳುವುದು ಇದೇ ಕಾರಣಕ್ಕೆ. ಸೀಳಿ, ತಿರುಳು ತೆಗೆದು, ತೆಳ್ಳಗೆ ಕೆತ್ತಿಬಿಟ್ಟರೆ ಮರ ಆರಾಮಾಗಿ ಕುಗ್ಗುತ್ತದೆ, ಬಿರುಕು ಬಿಡುವುದಿಲ್ಲ.

ನಮ್ಮ ಕಡೆ ಸಿಗುವ ಮರಗಳಲ್ಲಿ ಯಾವುದು ಒಳ್ಳೆಯದು?

ಇದಕ್ಕೆ ಉದ್ದದ ಉತ್ತರವೇ ಬೇಕು, ಯಾಕೆಂದರೆ ಇಂಟರ್‌ನೆಟ್ಟಿನಲ್ಲಿ ನೋಡಿದರೆ ಎಲ್ಲರೂ ಬರ್ಚ್, ಚೆರ್ರಿ ಅನ್ನುತ್ತಾರೆ. ಅದು ಅವರ ಹಿತ್ತಲ ಮರ. ನಮ್ಮ ಹಿತ್ತಲಲ್ಲಿ ಬೇರೆ ಇದೆ.

ನನ್ನ ಮೊದಲ ಆಯ್ಕೆ ಸೀಬೆ. ಕೆಲವು ಕಡೆ ಪೇರಲ ಅನ್ನುತ್ತಾರೆ. ಎಳೆ ತುಂಬ ನಯ, ವಾಸನೆ ಇಲ್ಲ, ಸವೆಯುವುದಿಲ್ಲ. ಪ್ರತಿವರ್ಷ ಕೊಂಬೆ ಸವರುತ್ತಾರೆ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಸ್ವಲ್ಪ ಗಟ್ಟಿ, ಅದಕ್ಕೇ ಕಡಿದ ದಿನವೇ ಕೆತ್ತಬೇಕು. ನಿಂಬೆ, ಕಿತ್ತಳೆ ಮರವೂ ಇದೇ ಜಾತಿಯ ನಯ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ ಕಾಫಿ ಗಿಡವೇ ಇದೆ. ಹಳೇ ಗಿಡ ಕಿತ್ತು ಹೊಸದು ನೆಡುವಾಗ ಬುಡದ ತುಂಡುಗಳು ಸೌದೆಗೆ ಹೋಗುತ್ತವೆ. ಬಿಳಿಚು ಬಣ್ಣ, ಗಟ್ಟಿ, ಒತ್ತಾದ ಎಳೆ. ಸಣ್ಣ ಚಮಚಕ್ಕೆ ಹೇಳಿ ಮಾಡಿಸಿದ್ದು. ಅದೇ ತೋಟದ ಸಿಲ್ವರ್ ಓಕ್ ಕೆತ್ತಲು ಸುಲಭ, ಸೀಳಿದ ಮೈಮೇಲೆ ಚುಕ್ಕಿ ಚುಕ್ಕಿ ಹೊಳಪು ಚೆಂದ, ಆದರೆ ಅದರ ಪುಡಿ, ಎಲೆ ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುರಿಕೆ ಶುರುವಾದರೆ ಬಿಟ್ಟುಬಿಡಿ.

ಹಲಸು ನಮ್ಮ ಹಳೇ ಮರ. ವೀಣೆ ಮಾಡುವುದೂ ಇದರಲ್ಲೇ. ಹಸಿ ಇದ್ದಾಗ ಮೇಣ ಅಲಗಿಗೆ ಅಂಟುತ್ತದೆ, ಆಗಾಗ ಕೊಬ್ಬರಿ ಎಣ್ಣೆ ಸವರಿಕೊಂಡರೆ ಸರಿ. ಚೇಗಿನ, ಅಂದರೆ ಮರದ ಒಳಗಿನ ಗಟ್ಟಿ ಭಾಗದ, ಹಳದಿ ಬಣ್ಣ ಮೊದಲ ಕೆಲವು ಸಲ ನೀರಿಗೆ ಬಿಡುತ್ತದೆ, ಗಾಬರಿ ಬೇಡ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುತ್ತಿದ್ದುದು ಇದೇ ಚೇಗಿನಿಂದ. ದಿನ ಕಳೆದಂತೆ ಹಳದಿ ಹೋಗಿ ಜೇನು ಬಣ್ಣಕ್ಕೆ ತಿರುಗುತ್ತದೆ.

ಮಾವು ಎಲ್ಲ ಕಡೆ ಸಿಗುತ್ತದೆ, ಕಲಿಯಲು ಸುಲಭ. ಆದರೆ ಬೇಗ ಕುಟ್ಟೆ ಹುಳ ಹಿಡಿಯುತ್ತದೆ. ರಾಮನಗರ, ಕೋಲಾರದ ಕಡೆ ರೇಷ್ಮೆ ತೋಟ ಇರುವವರು ಹಿಪ್ಪುನೇರಳೆಯ ದಪ್ಪ ಬುಡ ನೋಡಿ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆಮರ ಬೆಳ್ಳಗೆ, ನಯವಾಗಿ, ಮೆತ್ತಗೆ ಇರುತ್ತದೆ. ಅವರು ಅದನ್ನು ತಿರುಗಣಿಯಲ್ಲಿ ಕಡೆಯುತ್ತಾರೆ, ಚಾಕಿಗೂ ಅದು ಅಷ್ಟೇ ಚೆನ್ನಾಗಿ ಬರುತ್ತದೆ. ಬೇವಿನ ಸೌಟು ಮಗುಚಲು ಒಳ್ಳೆಯದು, ಬಾಯಿಗಿಡುವ ಚಮಚಕ್ಕೆ ಕಹಿ. ಹುಣಸೆಯ ಚೇಗು ಮಾಂಸದಂಗಡಿಯ ಕೊರಡಿಗೆ ಬಳಸುವಷ್ಟು ಗಟ್ಟಿ, ಹೊಸಬರು ಅದರ ತಂಟೆಗೆ ಹೋಗಬೇಡಿ. ತೆಂಗು, ಅಡಿಕೆ ಬರೀ ನಾರು. ನುಗ್ಗೆ ಬೆಂಡು.

ಯಾವ ಮರ ಮುಟ್ಟಲೇಬಾರದು?

ಕಾಸರಕ ಬೇಡ, ಅದರಲ್ಲಿ ಸ್ಟ್ರಿಕ್ನಿನ್ ವಿಷ ಇದೆ. ಕಣಗಿಲೆ ಬೇಡ, ಬಿಳಿ, ಕೆಂಪು, ಹಳದಿ ಯಾವುದೂ ಬೇಡ. ಮಲೆನಾಡಿನ ಹೊಲಿಗೇರು, ಚೇರು ಮರದ ಸೊನೆ ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ. ಗೋಡಂಬಿ ಗೇರು, ಮಾವಿನ ಸೊನೆಯೂ ಕೆಲವರಿಗೆ ಆಗುವುದಿಲ್ಲ. ಹಾಲು ಸುರಿಸುವ ಕಳ್ಳಿ ಜಾತಿ ಬೇಡ. ಲಂಟಾನದಿಂದ ಮಲೆಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಮೇಜು ಮಾಡುತ್ತಾರೆ, ಅದು ಕೂರಲು ಸರಿ. ವಿಷದ ಗಿಡ, ಬಾಯಿಗೆ ಬೇಡ.

ಗಾಳಿಮಳೆಗೆ ರಸ್ತೆ ಬದಿ ಬಿದ್ದ ಕೊಂಬೆ ಕಂಡರೆ ಆಸೆಯಾಗುತ್ತದೆ, ನಿಜ. ಯಾವ ಮರ ಅಂತ ಗೊತ್ತಿಲ್ಲದಿದ್ದರೆ ಅದರಲ್ಲಿ ಚಮಚ ಮಾಡಬೇಡಿ. ಇನ್ನು ಗಂಧ, ಬೀಟೆ ವಿಷಯದಲ್ಲಿ ಕಾನೂನು ಬಿಗಿ. ಸವರಿದ ಕೊಂಬೆಯೇ ಧಾರಾಳ ಸಾಕು, ಒಂದು ಚಮಚಕ್ಕಾಗಿ ಮರ ಕಡಿಯುವ ಅಗತ್ಯ ಯಾವತ್ತೂ ಬರುವುದಿಲ್ಲ.

ಕೊಂಬೆ ಇವತ್ತು ಸಿಕ್ಕಿದೆ, ನನಗೆ ಬಿಡುವು ಭಾನುವಾರ. ಏನು ಮಾಡಲಿ?

ಬಕೆಟ್ ನೀರಲ್ಲಿ ಮುಳುಗಿಸಿ ಇಡಿ, ದಿನಾ ನೀರು ಬದಲಿಸಿ. ಅರ್ಧ ಕೆತ್ತಿದ ಚಮಚವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಇಡಬಹುದು.

ಮೊದಲು ಏನು ಮಾಡಿದರೆ ಒಳ್ಳೆಯದು?

ಮುದ್ದೆ ಕೋಲು. ಇಲ್ಲವೇ ದೋಸೆ, ಪಲ್ಯಕ್ಕೆ ಆಗುವ ಚಪ್ಪಟೆ ಸಟ್ಟುಗ. ಇವೆರಡಕ್ಕೂ ಗುಳಿ ತೋಡುವ ಕೆಲಸ ಇಲ್ಲ. ನೇರ ಚಾಕು ಒಂದೇ ಸಾಕು. ಎಳೆ ಹೇಗೆ ಓಡುತ್ತದೆ ಅನ್ನುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ಉಪ್ಪಿನಕಾಯಿ ಚಮಚ ಮಾಡಿ. ಉಪ್ಪು, ಹುಳಿಗೆ ಮರ ತುಕ್ಕು ಹಿಡಿಯುವುದಿಲ್ಲವಲ್ಲ, ಭರಣಿಗೆ ಮರದ ಚಮಚ ಹಾಕುವ ರೂಢಿ ಸುಮ್ನೆ ಬಂದದ್ದಲ್ಲ. ಅದರ ನಂತರ ಸಾರಿನ ಸೌಟು. ಲೋಟ ಎಲ್ಲಕ್ಕಿಂತ ಕೊನೆಗೆ.

ಕೊಂಬೆಯಿಂದ ಸೌಟಿನ ತನಕ ಒಂದೊಂದಾಗಿ ಹೇಳ್ತೀರಾ?

ಗಂಟಿಲ್ಲದ, ನಿಮ್ಮ ತೋಳಿನಷ್ಟು ದಪ್ಪದ, 25-30 ಸೆಂಟಿಮೀಟರ್ ಉದ್ದದ ತುಂಡು ಕುಯ್ದುಕೊಳ್ಳಿ. ಕೊರಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮಚ್ಚಿನ ಅಲಗನ್ನು ನಡುವಿಗೆ ಸರಿಯಾಗಿ ಇಟ್ಟು ಬೆನ್ನಿನ ಮೇಲೆ ಕೊಡತಿಯಿಂದ ಬಡಿಯಿರಿ. ಎರಡು ಹೋಳಾಗುತ್ತದೆ. ಹೋಳಿನ ನಡುವೆ ಪೆನ್ಸಿಲ್ ಗೆರೆಯಂಥ ತಿರುಳು ಕಾಣುತ್ತದಲ್ಲ, ಅದನ್ನು ಪೂರ್ತಿ ಕಡಿದು ತೆಗೆಯಿರಿ. ತಿರುಳು ಉಳಿದರೆ ಬಿರುಕು ಗ್ಯಾರಂಟಿ.

ಚಪ್ಪಟೆ ಮಾಡಿದ ಮೈಮೇಲೆ ಸೌಟಿನ ಚಿತ್ರ ಬರೆಯಿರಿ. ಕುತ್ತಿಗೆಯ ಎರಡೂ ಬದಿಗೆ ಗರಗಸದಿಂದ ಗೆರೆಯ ತನಕ ಒಂದೊಂದು ಗಾಯ ಹಾಕಿ. ಇದನ್ನು ಬಿಡಬೇಡಿ. ಈ ಗಾಯ ಇದ್ದರೆ ಹಿಡಿಯ ಬದಿಯನ್ನು ಮಚ್ಚಿನಿಂದ ಕಡಿಯುವಾಗ ಸೀಳು ಅಲ್ಲಿಗೇ ನಿಲ್ಲುತ್ತದೆ, ಇಲ್ಲದಿದ್ದರೆ ಸೌಟಿನ ತಲೆಯ ಪಕ್ಕವೂ ಚಕ್ಕೆಯ ಜೊತೆ ಎದ್ದು ಹೋಗುತ್ತದೆ.

ಮಚ್ಚಿನ ಕೆಲಸ ಎಷ್ಟು ಜಾಸ್ತಿ ಮಾಡಿದರೆ ಚಾಕಿನ ಕೆಲಸ ಅಷ್ಟು ಕಡಿಮೆ. ಹೊಸಬರು ಮಚ್ಚನ್ನು ಬೇಗ ಕೆಳಗಿಡುತ್ತಾರೆ, ಆಮೇಲೆ ಗಂಟೆಗಟ್ಟಲೆ ಚಾಕಿನಲ್ಲಿ ಒದ್ದಾಡುತ್ತಾರೆ. ಪೆನ್ಸಿಲ್ ಗೆರೆಯಿಂದ ಎರಡು ಮೂರು ಮಿಲಿಮೀಟರ್ ತನಕ ಮಚ್ಚಿನಲ್ಲೇ ಬನ್ನಿ. ಆಮೇಲೆ ಚಾಕಿನಿಂದ ಹೊರ ಆಕಾರ, ಬಾಗಿದ ಚಾಕಿನಿಂದ ಗುಳಿ, ಕೊನೆಗೆ ಗುಳಿಯ ಬೆನ್ನು. ಗುಳಿಯ ಅಂಚು 3-4 ಮಿಲಿಮೀಟರ್ ದಪ್ಪ ಉಳಿದರೆ ಸರಿ. ಒಳಗೆ ಹೆಬ್ಬೆರಳು, ಹೊರಗೆ ತೋರುಬೆರಳು ಇಟ್ಟು ಮೆಲ್ಲಗೆ ಜಾರಿಸಿದರೆ ದಪ್ಪ ಎಲ್ಲಿ ಉಳಿದಿದೆ ಅಂತ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ.

ಕೆತ್ತುವಾಗ ಮರ ಕಿತ್ತು ಕಿತ್ತು ಬರುತ್ತದೆ, ನಯವಾಗುವುದೇ ಇಲ್ಲ. ಯಾಕೆ?

ಎಳೆಗೆ ಎದುರಾಗಿ ಕೆತ್ತುತ್ತಿದ್ದೀರಿ. ಸೌಟು ಕೈಯಲ್ಲಿ ಹಿಡಿದು ಪಕ್ಕದಿಂದ ನೋಡಿ. ಎಳೆಗಳು ಹಿಡಿಯಿಂದ ತಲೆಯ ತನಕ ಉದ್ದಕ್ಕೆ ಓಡಿವೆ. ಕುತ್ತಿಗೆಯ ಬಳಿ ಆಕಾರ ಒಳಗೆ ಬಾಗುತ್ತದೆ. ಹಿಡಿಯ ಕಡೆಯಿಂದ ಆ ಬಾಗಿಗೆ ಇಳಿದರೆ ಚಾಕು ನಯವಾಗಿ ಹೋಗುತ್ತದೆ. ತಗ್ಗು ಮುಟ್ಟಿದ ಮೇಲೆ ಹಾಗೇ ಮುಂದೆ ತಲೆಯ ಕಡೆ ಏರಿಸಿದರೆ ಅಲಗು ಎಳೆಗಳ ನಡುವೆ ತೂರಿಕೊಂಡು ಚಕ್ಕೆ ಎಬ್ಬಿಸುತ್ತದೆ. ಆದ್ದರಿಂದ ಅಲ್ಲೇ ನಿಲ್ಲಿಸಿ. ಸೌಟು ತಿರುಗಿಸಿ. ತಲೆಯ ಕಡೆಯಿಂದ ಅದೇ ತಗ್ಗಿಗೆ ಇಳಿಯಿರಿ. ಎರಡೂ ಕಡೆಯ ಕೆತ್ತು ಕೆಳಗೆ ಸೇರುವಲ್ಲಿ ಒಂದು ಸಣ್ಣ ಸುರುಳಿ ನಿಂತಿರುತ್ತದೆ. ಅದನ್ನು ಕೀಳಬೇಡಿ, ಚಾಕಿನ ತುದಿಯಿಂದ ಅಡ್ಡಡ್ಡ ಸವರಿ.

ಒಟ್ಟಿನಲ್ಲಿ ಯಾವಾಗಲೂ ಇಳಿಜಾರಿಗೆ ಕೆತ್ತಿ, ಏರಿಗೆ ಕೆತ್ತಬೇಡಿ. ಗುಳಿಯ ಒಳಗೂ ಇದೇ, ಅಲ್ಲಿ ಅಡ್ಡಡ್ಡ ತೋಡುತ್ತ ಹೋದರೆ ಮರ ಕೀಳುವುದಿಲ್ಲ. ಇಷ್ಟು ಮಾಡಿದರೂ ಕಿತ್ತು ಬರುತ್ತಿದ್ದರೆ ಚಾಕು ಮೊಂಡಾಗಿದೆ.

ಚಾಕು ಮಸೆಯುವುದು ಹೇಗೆ?

ಒಂದು ಚಪ್ಪಟೆ ಟೈಲ್ಸ್ ತುಂಡಿನ ಮೇಲೆ ನೀರಲ್ಲಿ ಬಳಸುವ ಎಮರಿ ಪೇಪರ್ ಹಾಸಿ. ಮೊದಲು 400 ನಂಬರಿನದು, ಆಮೇಲೆ 800, ಕೊನೆಗೆ 2000. ಅಲಗಿನ ಇಳಿಜಾರು ಮುಖ ಪೂರ್ತಿ ಕಾಗದಕ್ಕೆ ಕೂರುವಂತೆ ಇಟ್ಟು ಎಳೆಯಿರಿ, ಬೆನ್ನು ಎತ್ತಬೇಡಿ. ಎರಡೂ ಕಡೆ ಸಮ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಲೋಹಕ್ಕೆ ಹೊಳಪು ಕೊಡುವ ಹಸಿರು ಪಾಲಿಶ್ ತಿಕ್ಕಿ ಹಿಂದಕ್ಕೆ ಮಾತ್ರ ಎಳೆಯಿರಿ. ಬಾಗಿದ ಚಾಕಿಗೆ ಅದೇ ಕಾಗದವನ್ನು ದುಂಡು ಕೋಲಿಗೆ ಸುತ್ತಿ ಒಳಗಿನಿಂದ ಉಜ್ಜಬೇಕು.

ಮೊಂಡಾಗುವ ತನಕ ಕಾಯಬೇಡಿ. ಅರ್ಧ ಗಂಟೆಗೊಮ್ಮೆ ಬೆಲ್ಟಿಗೆ ಹತ್ತು ಸಲ ಎಳೆದರೆ ಸಾಣೆಗೆ ಹೋಗುವ ಕೆಲಸವೇ ಕಡಿಮೆಯಾಗುತ್ತದೆ.

ಕೈ ಕುಯ್ದುಕೊಳ್ಳದೆ ಇರಲು?

ಕೂತು ಕೆತ್ತಿ. ಮೊಣಕೈ ತೊಡೆಯ ಮೇಲೆ ಊರಿ, ಕೆಲಸ ಮೊಣಕಾಲಿನ ಆಚೆ ನಡೆಯಲಿ. ಎರಡು ತೊಡೆಗಳ ನಡುವೆ ಚಾಕು ಯಾವತ್ತೂ ಓಡಬಾರದು. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ, ಅಲ್ಲಿ ಆದ ಗಾಯ ಜೀವಕ್ಕೇ ಅಪಾಯ. ತೋಳು ಬೀಸಿ ಕೆತ್ತಬೇಡಿ, ಚಾಕಿನ ಬೆನ್ನಿಗೆ ಎಡಗೈ ಹೆಬ್ಬೆರಳು ಇಟ್ಟು ಸಣ್ಣಗೆ ತಳ್ಳಿ. ಮಚ್ಚು ಬಳಸುವಾಗ ಮರ ಹಿಡಿದ ಕೈ ಯಾವಾಗಲೂ ಏಟು ಬೀಳುವ ಜಾಗಕ್ಕಿಂತ ಮೇಲೆ ಇರಬೇಕು.

ಗಾಯವಾದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಟಿಟಿ ಇಂಜೆಕ್ಷನ್ ತಗೊಂಡು ವರ್ಷಗಳಾಗಿದ್ದರೆ ಡಾಕ್ಟರಿಗೆ ಹೇಳಿ. ಮತ್ತೆ, ಸುಸ್ತಾದಾಗ ನಿಲ್ಲಿಸಿ. ಇನ್ನೊಂದೇ ಒಂದು ಕೆತ್ತು ಅಂದುಕೊಂಡು ಮುಂದುವರಿಯುವ ಆ ಹೊತ್ತೇ ಅಪಾಯದ್ದು.

ಮಕ್ಕಳಿಗೆ ಕಲಿಸಬಹುದಾ?

ಕಲಿಸಬಹುದು, ಖಂಡಿತ ಕಲಿಸಿ. ಒಂದು ಮಗುವಿಗೆ ಒಬ್ಬರು ದೊಡ್ಡವರು ಪಕ್ಕದಲ್ಲೇ ಕೂರಬೇಕು. ಸಣ್ಣ ಚಾಕು, ಮೆತ್ತನೆಯ ಹಸಿ ಮರ, ಬೆಣ್ಣೆ ಸವರುವ ಚಪ್ಪಟೆ ಕಡ್ಡಿಯಂಥ ಕೆಲಸ. ಮಗುವಿನ ಕೈಗೆ ಮೊಂಡು ಚಾಕು ಕೊಟ್ಟರೆ ಸುರಕ್ಷಿತ ಅಂದುಕೊಳ್ಳುತ್ತಾರೆ, ಅದು ತಪ್ಪು. ಮೊಂಡು ಚಾಕೇ ಜಾರುವುದು.

ಕೆತ್ತಿದ ಮೇಲೆ ಒಣಗಿಸುವುದು ಹೇಗೆ?

ನಿಧಾನವಾಗಿ. ಬಿಸಿಲಿಗೆ ಇಡಬೇಡಿ, ಫ್ಯಾನಿನ ಕೆಳಗೂ ಬೇಡ. ಒಂದು ಕಾಗದದ ಚೀಲದಲ್ಲಿ ಕೆತ್ತಿದ ಸುರುಳಿಗಳನ್ನೇ ತುಂಬಿ, ಅದರೊಳಗೆ ಸೌಟು ಹುದುಗಿಸಿ ಒಂದು ವಾರ ಬಿಡಿ. ಬಯಲುಸೀಮೆಯ ಮಾರ್ಚ್, ಏಪ್ರಿಲ್ ಗಾಳಿ ತುಂಬ ಒಣ, ಚೀಲ ಇಲ್ಲದಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಬಿರುಕು ಬರಬಹುದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದರ ಉಲ್ಟಾ: ಚೀಲದೊಳಗೆ ಬೂಷ್ಟು ಬರುತ್ತದೆ, ಅಲ್ಲಿ ಅಡುಗೆಮನೆಯ ಅಟ್ಟದ ಮೇಲೆ ಬಿಚ್ಚಿಟ್ಟರೇ ಸರಿ.

ಒಣಗಿದೆಯೋ ಇಲ್ಲವೋ ತಿಳಿಯಲು ತರಕಾರಿ ತೂಕದ ಸಣ್ಣ ತಕ್ಕಡಿ ಸಾಕು. ದಿನಾ ತೂಕ ನೋಡಿ. ಇಳಿಯುವುದು ನಿಂತರೆ ಒಣಗಿದ ಹಾಗೆ. ಆಮೇಲೆ ಹರಿತ ಚಾಕಿನಿಂದ ಕೊನೆಯ ಒಂದು ಸುತ್ತು ತೆಳ್ಳಗೆ ಹೆರೆಯಿರಿ.

ಸ್ಯಾಂಡ್ ಪೇಪರ್ ಹಾಕಲೇಬೇಕಾ?

ಬೇಕಿಲ್ಲ. ಹರಿತ ಚಾಕು ಎಳೆಯನ್ನು ಕತ್ತರಿಸಿ ಹೊಳಪು ಬಿಟ್ಟು ಹೋಗುತ್ತದೆ, ಸ್ಯಾಂಡ್ ಪೇಪರ್ ಎಳೆಯನ್ನು ಕೆರೆದು ಹಾಕುತ್ತದೆ, ನೀರು ತಾಗಿದ ಕೂಡಲೇ ಆ ಎಳೆ ಎದ್ದು ಮೈ ಒರಟಾಗುತ್ತದೆ. ಹಾಕುವುದೇ ಆದರೆ ಒಮ್ಮೆ ಒದ್ದೆ ಮಾಡಿ, ಒಣಗಿಸಿ, ಮತ್ತೆ ಉಜ್ಜಿ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಯಾವ ಎಣ್ಣೆ ಹಚ್ಚಬೇಕು?

ಅಗಸೆ ಎಣ್ಣೆ. ಉತ್ತರ ಕರ್ನಾಟಕದವರಿಗೆ ಅಗಸೆ ಚಟ್ನಿಯಿಂದ ಪರಿಚಯ ಇದ್ದೇ ಇದೆ, ಅದೇ ಬೀಜದ ಗಾಣದ ಎಣ್ಣೆ. ಇದು ಗಾಳಿಗೆ ಗಟ್ಟಿಯಾಗಿ ಮರದೊಳಗೇ ನಿಲ್ಲುತ್ತದೆ. ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಒಂದೆರಡು ವಾರ ಬೆಳಕಿರುವ ಜಾಗದಲ್ಲಿ ಬಿಡಿ. ಪೇಂಟ್ ಅಂಗಡಿಯ ಬಾಯ್ಲ್ಡ್ ಲಿನ್ಸೀಡ್ ಎಣ್ಣೆಯೂ ಅಗಸೆಯದ್ದೇ, ಆದರೆ ಬೇಗ ಒಣಗಲಿ ಅಂತ ಅದಕ್ಕೆ ಲೋಹದ ರಾಸಾಯನಿಕ ಬೆರೆಸಿರುತ್ತಾರೆ. ಊಟದ ಚಮಚಕ್ಕೆ ಅದು ಬೇಡ.

ಕೊಬ್ಬರಿ ಎಣ್ಣೆ ಗಟ್ಟಿಯಾಗುವುದಿಲ್ಲ, ತೊಳೆದಂತೆ ಹೋಗುತ್ತದೆ, ಆಗಾಗ ಹಚ್ಚುತ್ತಿರಬೇಕು. ತೊಂದರೆ ಏನಿಲ್ಲ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆ ಕಮಟು ವಾಸನೆ ಬರುತ್ತದೆ.

ಒಂದು ಎಚ್ಚರಿಕೆ, ದಯವಿಟ್ಟು ಗಮನಿಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಬಿಸಾಡಿ.

ಲೋಟ, ಬಟ್ಟಲು ಮಾಡುವುದು ಅಷ್ಟು ಕಷ್ಟವಾ?

ಕೆತ್ತುವುದಕ್ಕಿಂತ ಒಣಗಿಸುವುದು ಕಷ್ಟ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡಿನ ಉತ್ತರ ತುದಿಯಲ್ಲಿರುವ ಸಾಮಿ ಜನ ಕುಕ್ಸಾ ಅನ್ನುವ ಹಿಡಿಯಿರುವ ಲೋಟ ಮಾಡುತ್ತಾರೆ. ಬರ್ಚ್ ಮರದ ಮೈಮೇಲೆ ಏಳುವ ಗಡ್ಡೆಯೇ ಅದಕ್ಕೆ ಬೇಕು, ಗಡ್ಡೆಯಲ್ಲಿ ಎಳೆ ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಸುಲಭಕ್ಕೆ ಸೀಳುವುದಿಲ್ಲ. ನಮ್ಮಲ್ಲೂ ಮಲೆನಾಡಿನ ಹಳೇ ಮನೆಗಳಲ್ಲಿ ಒಂದೇ ಮರದ ತುಂಡು ತೋಡಿ ಮಾಡಿದ ಮರಿಗೆ ಇರುತ್ತಿತ್ತು. ತೋಡುವ ಕೆಲಸ ನಮಗೆ ಹೊಸದಲ್ಲ.

ನೀವು ಹಲಸು ಅಥವಾ ಮಾವಿನ ಅರ್ಧ ಹೋಳು ತಗೊಳ್ಳಿ. ತಿರುಳು ತೆಗೆಯಿರಿ. ಕೊರಡಿನಲ್ಲಿ ಒಂದು ಗೂಡು ಕಡಿದು ಹೋಳನ್ನು ಅದರಲ್ಲಿ ಬೆಣೆ ಹೊಡೆದು ಬಿಗಿಯಿರಿ. ಮೊದಲು ಒಳಗೆ ತೋಡಿ, ಆಮೇಲೆ ಹೊರಗೆ. ಗೋಡೆ ಎಲ್ಲ ಕಡೆ ಒಂದೇ ದಪ್ಪ, ಸುಮಾರು 10 ಮಿಲಿಮೀಟರ್ ಇರುವಾಗ ನಿಲ್ಲಿಸಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ತೆಳುವಾದದ್ದು ಮೊದಲು ಒಣಗಿ ಎಳೆದಾಡಿ ಸೀಳುತ್ತದೆ. ಎಳೆಯ ತುದಿಗಳು ಕಾಣುವ ಎರಡು ಬದಿಗೆ ಮೇಣದಬತ್ತಿ ಕರಗಿಸಿ ಹಚ್ಚಿ, ನೀರು ಹೆಚ್ಚು ಬೇಗ ಹೋಗುವುದು ಅಲ್ಲಿಂದಲೇ. ಸುರುಳಿ ತುಂಬಿದ ಚೀಲದಲ್ಲಿ ಒಂದು ತಿಂಗಳು ಇಡಿ. ಒಣಗಿದ ಮೇಲೆ 5-6 ಮಿಲಿಮೀಟರಿಗೆ ಇಳಿಸಿ.

ಕಾಫಿ ಕುಡಿಯಬಹುದು. ಹೊಸ ಲೋಟಕ್ಕೆ ಕುದಿಯುವುದನ್ನು ಸುರಿಯಬೇಡಿ, ಮೊದಲು ಉಗುರುಬೆಚ್ಚಗಿನ ನೀರು ಹಾಕಿ ಹದ ಮಾಡಿ.

ಹೊನ್ನೆ ಮರದ ಲೋಟದ ನೀರು ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ?

ಹಾಗಂತ ಹೇಳಿ ಮಾರುತ್ತಾರೆ. ಅದರ ಚೇಗಿನಿಂದ ನೀರಿಗೆ ಬಣ್ಣ ಬಿಡುವುದು ನಿಜ, ಬೆಳಕಿಗೆ ಹಿಡಿದರೆ ನೀಲಿ ಛಾಯೆಯೂ ಕಾಣುತ್ತದೆ. ಆದರೆ ಆ ನೀರು ನಂಬಿ ಮಾತ್ರೆ ಬಿಡಬೇಡಿ. ಕುಡಿಯುವುದಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ ಕುಡಿಯಿರಿ.

ತೊಳೆಯುವುದು ಹೇಗೆ? ಅರಿಶಿನದ ಕಲೆ ಹೋಗುತ್ತಾ?

ಬಳಸಿದ ಕೂಡಲೇ ತೊಳೆದು ಒರೆಸಿ ನೆಟ್ಟಗೆ ನಿಲ್ಲಿಸಿ. ಸಿಂಕಿನಲ್ಲಿ ನೆನೆಹಾಕಬೇಡಿ, ಡಿಶ್‌ವಾಷರಿಗೆ ಹಾಕಬೇಡಿ. ಅರಿಶಿನದ ಹಳದಿಗೆ ಬಿಸಿಲೇ ಮದ್ದು, ಆ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಪೂರ್ತಿ ಒಣಗಿ ಹಳೆಯದಾದ ಸೌಟನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಏನೂ ಆಗುವುದಿಲ್ಲ.

ಸೌಟಿನಿಂದ ಸಣ್ಣ ಪುಡಿ ಉದುರುತ್ತಿದೆ, ಸೂಜಿ ಚುಚ್ಚಿದಂಥ ತೂತು ಕಾಣುತ್ತಿದೆ.

ಕುಟ್ಟೆ ಹುಳ. ಮಾವಿನಲ್ಲಿ, ಹಲಸಿನ ಹೊರಗಿನ ಬಿಳಿ ಭಾಗದಲ್ಲಿ ಬರುತ್ತದೆ. ಮರದೊಳಗಿನ ಪಿಷ್ಟವೇ ಅದಕ್ಕೆ ಊಟ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಸೌಟನ್ನು ಅರ್ಧ ಗಂಟೆ ಅದರಲ್ಲಿ ಮುಳುಗಿಸಿ, ಒಳಗಿನ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ನೆರಳಲ್ಲಿ ಒಣಗಿಸಿ ಎಣ್ಣೆ ಹಚ್ಚಿ. ಪಕ್ಕದಲ್ಲಿರುವ ಬೇರೆ ಸೌಟುಗಳನ್ನೂ ಒಮ್ಮೆ ತಿರುಗಿಸಿ ನೋಡಿ. ತೂತು ಜಾಸ್ತಿ ಆಗಿ ಮರ ಟೊಳ್ಳಾಗಿದ್ದರೆ ಒಲೆಗೆ ಹಾಕಿ, ಮುಂದಿನದನ್ನು ಸೀಬೆಯಲ್ಲಿ ಕೆತ್ತಿ.